ಎಲ್ಲರಿಗೂ ತೆರೆದ ಬಾಗಿಲು

ಜರ್ಮನಿಯ ಪೂರ್ವ ಭಾಗದಲ್ಲಿರುವ ಲೈಪ್‌ಜಿಗ್ ನಗರದ ನಡುವೆ ಸಂತ ನಿಕೊಲಾಸರ ಹೆಸರಿನ ಹಳೆಯ ಚರ್ಚೊಂದಿದೆ. ಪ್ರತಿ ಸೋಮವಾರ ಸಂಜೆ ಐದು ಗಂಟೆಗೆ ಅಲ್ಲಿ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತದೆ. 1982ರ ಸೆಪ್ಟೆಂಬರ್ 20ರಂದು ಆರಂಭವಾದ ಈ ಪದ್ಧತಿ, ಅದನ್ನು ಅನುಮಾನದಿಂದ ನೋಡಿದ ಸರ್ಕಾರ ಉರುಳಿಹೋದ ಮೇಲೂ, ಆ ದೇಶವೇ ಭೂಪಟದಿಂದ ಮರೆಯಾದ ಮೇಲೂ ಮುಂದುವರಿದಿದೆ. ಚರ್ಚಿನ ಬಾಗಿಲ ಬಳಿ ಹಿಂದೊಮ್ಮೆ ತೂಗುಹಾಕಿದ್ದ ಫಲಕದ ಮೇಲೆ ಇದ್ದದ್ದು ಒಂದೇ ಒಂದು ಸರಳ ವಾಕ್ಯ: ಈ ಚರ್ಚು ಎಲ್ಲರಿಗೂ ತೆರೆದಿದೆ.

ಇಂಥ ಫಲಕಗಳು ಲೋಕದ ಅನೇಕ ಪ್ರಾರ್ಥನಾ ಮಂದಿರಗಳ ಮುಂದೆ ಕಾಣಸಿಗುತ್ತವೆ. ಬರೆಯುವುದು ಸುಲಭ. ಆದರೆ ಸಮಾಜವು ಎರಡಾಗಿ ಸೀಳಿದಾಗ, ಮನೆಮನೆಯೊಳಗೂ ಸಂಶಯ ಹೊಕ್ಕಾಗ, 'ಎಲ್ಲರಿಗೂ' ಎಂಬ ಪದದ ನಿಜವಾದ ಅರ್ಥವೇನು? ನಮ್ಮ ಅಭಿಪ್ರಾಯವನ್ನು ಒಪ್ಪದವರಿಗೂ ಎಂದೇ? ನಮ್ಮ ಮೇಲೆ ಬೇಹುಗಾರಿಕೆ ನಡೆಸಲು ಬಂದವರಿಗೂ ಎಂದೇ? ನಮ್ಮನ್ನು ಹೊರಗಟ್ಟಲೆಂದೇ ಬಂದು ಕುಳಿತವರಿಗೂ ಎಂದೇ? ಲೈಪ್‌ಜಿಗ್‌ನ ಆ ಸಭೆಯು ಈ ಪ್ರಶ್ನೆಗಳನ್ನು ಗ್ರಂಥಗಳಲ್ಲಿ ಎದುರಿಸಲಿಲ್ಲ. ತನ್ನ ಬೆಂಚುಗಳ ಮೇಲೆಯೇ ಎದುರಿಸಿತು. ಆ ಕಾರಣಕ್ಕಾಗಿಯೇ ಅದರ ಕಥೆ ಒಂದು ದೇಶದ, ಒಂದು ಮತದ ಕಥೆಯಾಗಿ ಉಳಿಯದೆ ಎಲ್ಲರೂ ಗಮನಿಸಬೇಕಾದ ಪಾಠವಾಗಿದೆ.

ವರ್ತಕರ ಊರಿನ ಚರ್ಚು

ಲೈಪ್‌ಜಿಗ್ ಮೂಲತಃ ವ್ಯಾಪಾರಿಗಳ ಊರು. ಮಧ್ಯಯುಗದ ಎರಡು ಮುಖ್ಯ ವಾಣಿಜ್ಯ ಮಾರ್ಗಗಳು ಕೂಡುತ್ತಿದ್ದ ಸ್ಥಳ. ವರ್ತಕರ ರಕ್ಷಕನೆಂದು ನಂಬಲಾದ ಸಂತ ನಿಕೊಲಾಸನ ಹೆಸರಿನಲ್ಲಿ ಸುಮಾರು 1165ರಲ್ಲಿ ಇಲ್ಲಿ ಚರ್ಚು ಹುಟ್ಟಿಕೊಂಡಿತು. 1539ರಲ್ಲಿ ಅದು ಲೂಥರ್ ಪಂಥದ ಸುಧಾರಣೆಯನ್ನು ಸ್ವೀಕರಿಸಿತು. ಸಂಗೀತ ಪ್ರಿಯರಿಗೆ ಈ ಚರ್ಚು ಬೇರೊಂದು ಕಾರಣಕ್ಕೆ ಪರಿಚಿತ. ಯೊಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಬಾಳಿನ ಕೊನೆಯ 27 ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. ಸಂತ ಯೋಹಾನನ ಸುವಾರ್ತೆಯನ್ನು ಆಧರಿಸಿದ ಆತನ ಮಹಾಕೃತಿ ಮೊದಲ ಬಾರಿಗೆ ಕೇಳಿಬಂದದ್ದು 1724ರ ಏಪ್ರಿಲ್ 7ರ ಶುಭ ಶುಕ್ರವಾರದಂದು, ಇದೇ ಚರ್ಚಿನೊಳಗೆ. 18ನೆಯ ಶತಮಾನದ ಕೊನೆಯಲ್ಲಿ ಒಳಾಂಗಣವನ್ನು ಹೊಸದಾಗಿ ರೂಪಿಸಿದಾಗ ಕಂಬಗಳ ತುದಿಯಲ್ಲಿ ಹಸಿರು ತಾಳೆಗರಿಗಳನ್ನು ಬಿಡಿಸಲಾಯಿತು. ಬಿಳಿಯ ಕಂಬಗಳ ಸಾಲಿನ ನಡುವೆ ನಿಂತವರಿಗೆ ತೋಪೊಂದರೊಳಗೆ ನಿಂತಂತೆ ಭಾಸವಾಗುತ್ತದೆ.

ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಈ ಪ್ರದೇಶವು ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯ, ಅಂದರೆ ಪೂರ್ವ ಜರ್ಮನಿ ಆಯಿತು. ಏಕಪಕ್ಷದ ಆಡಳಿತ, ಪತ್ರಿಕೆಗಳ ಮೇಲೆ ಹಿಡಿತ, 1961ರಿಂದ ಬರ್ಲಿನ್ ಗೋಡೆ. ಸುಮಾರು 1.6 ಕೋಟಿ ಜನಸಂಖ್ಯೆಯ ಆ ದೇಶದಲ್ಲಿ 1989ರ ವೇಳೆಗೆ 'ಸ್ಟಾಸಿ' ಎಂಬ ರಹಸ್ಯ ಪೊಲೀಸ್ ಇಲಾಖೆಯ ಪೂರ್ಣಾವಧಿ ನೌಕರರೇ ಸುಮಾರು 91,000 ಮಂದಿ. ಅವರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವವರು ಇನ್ನೂ 1.89 ಲಕ್ಷ ಮಂದಿ. ನೆರೆಯವರು, ಸಹೋದ್ಯೋಗಿಗಳು, ಕೆಲವೊಮ್ಮೆ ಮನೆಯವರೇ ಈ ಪಟ್ಟಿಯಲ್ಲಿದ್ದರೆಂಬುದು ಆಮೇಲೆ ಕಡತಗಳು ತೆರೆದಾಗ ತಿಳಿಯಿತು. ಸಮಾಜದ ಒಡಕು ಎಂದರೆ ಬೀದಿಯಲ್ಲಿ ಎರಡು ಗುಂಪುಗಳು ಕೂಗಾಡುವುದಷ್ಟೇ ಅಲ್ಲ. ಯಾರೊಡನೆ ಏನು ಮಾತನಾಡಬಹುದು ಎಂಬುದೇ ತಿಳಿಯದ ಮೌನವೂ ಒಡಕೇ.

ಧರ್ಮದ ವಿಷಯದಲ್ಲಿ ಆ ಸರ್ಕಾರದ ನಿಲುವು ಗುಟ್ಟಿನದಾಗಿರಲಿಲ್ಲ. ಇದೇ ಲೈಪ್‌ಜಿಗ್‌ನಲ್ಲಿ, ಯುದ್ಧದ ಬಾಂಬುಗಳಿಂದ ಪಾರಾಗಿ ಉಳಿದಿದ್ದ ವಿಶ್ವವಿದ್ಯಾಲಯದ ಚರ್ಚನ್ನು 1968ರ ಮೇ 30ರಂದು ಸಿಡಿಮದ್ದಿಟ್ಟು ಉರುಳಿಸಲಾಯಿತು. ಚರ್ಚಿಗೆ ಹೋಗುವ ಕುಟುಂಬಗಳ ಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ಅನೇಕ ವೇಳೆ ಮುಚ್ಚಿರುತ್ತಿತ್ತು. ಆದರೂ 1978ರ ಮಾರ್ಚ್‌ನಲ್ಲಿ ಸರ್ಕಾರಕ್ಕೂ ಪ್ರಾಟೆಸ್ಟೆಂಟ್ ಚರ್ಚುಗಳಿಗೂ ಒಂದು ಬಗೆಯ ಒಡಂಬಡಿಕೆ ಏರ್ಪಟ್ಟಿತು. ತಮ್ಮ ಕಟ್ಟಡಗಳೊಳಗೆ ತಮ್ಮ ಸಭೆಯನ್ನು ತಾವೇ ನಡೆಸಿಕೊಳ್ಳುವ ಅವಕಾಶ ಚರ್ಚುಗಳಿಗೆ ದೊರೆಯಿತು. ಇಡೀ ದೇಶದಲ್ಲಿ ಪಕ್ಷದ ಅನುಮತಿಯಿಲ್ಲದೆ ಹತ್ತು ಜನ ಕೂಡಿ ಮಾತನಾಡಬಹುದಾದ ಜಾಗವೆಂದರೆ ಬಹುಮಟ್ಟಿಗೆ ಅದೊಂದೇ ಆಗಿತ್ತು.

ಹತ್ತಕ್ಕೂ ಕಡಿಮೆ ಮಂದಿ

ಸೋಮವಾರದ ಪ್ರಾರ್ಥನೆ ಹುಟ್ಟಿದ್ದು ಅಣ್ವಸ್ತ್ರದ ಭಯದಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ಎರಡೂ ಜರ್ಮನಿಗಳ ನೆಲದ ಮೇಲೆ ಮಹಾಶಕ್ತಿಗಳು ಕ್ಷಿಪಣಿಗಳನ್ನು ನಿಲ್ಲಿಸುವ ಸಿದ್ಧತೆಯಲ್ಲಿದ್ದವು. ಪೂರ್ವ ಜರ್ಮನಿಯ ಕ್ರೈಸ್ತ ತರುಣರು ಖಡ್ಗವನ್ನು ಬಡಿದು ನೇಗಿಲ ಗುಳವನ್ನಾಗಿಸುವ ಬೈಬಲಿನ ಚಿತ್ರವನ್ನು ತಮ್ಮ ಅಂಗಿಯ ತೋಳಿಗೆ ಹೊಲಿದುಕೊಂಡು ಓಡಾಡತೊಡಗಿದರು. ವಿಪರ್ಯಾಸವೆಂದರೆ, ಆ ಚಿತ್ರದ ಮಾದರಿಯಾಗಿದ್ದ ಶಿಲ್ಪವನ್ನು 1959ರಲ್ಲಿ ವಿಶ್ವಸಂಸ್ಥೆಗೆ ಕೊಡುಗೆಯಾಗಿ ನೀಡಿದ್ದು ಸೋವಿಯತ್ ಒಕ್ಕೂಟವೇ. ಆದರೂ ಪೊಲೀಸರು ತರುಣರ ತೋಳಿನಿಂದ ಆ ಬಟ್ಟೆಯ ತುಂಡನ್ನು ಕಿತ್ತುಹಾಕಿದರು. ಇಂಥ ವಾತಾವರಣದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಕೂಡಿ ಪ್ರಾರ್ಥಿಸೋಣ ಎಂದು ಕೆಲವು ಯುವಜನರು ಹೊರಟರು.

ಆ ಚರ್ಚಿಗೆ 1980ರಲ್ಲಿ ಸಭಾಪಾಲಕರಾಗಿ ಬಂದ ಕ್ರಿಸ್ಟಿಯಾನ್ ಫ್ಯೂರರ್ ಈ ಕಥೆಯ ಮುಖ್ಯ ವ್ಯಕ್ತಿ. 1943ರಲ್ಲಿ ಲೈಪ್‌ಜಿಗ್‌ನಲ್ಲೇ ಹುಟ್ಟಿದವರು. ಧರ್ಮಗುರುವಿನ ಗಾಂಭೀರ್ಯದ ಉಡುಪಿಗಿಂತ ಜೀನ್ಸ್ ಬಟ್ಟೆಯ ತೋಳಿಲ್ಲದ ಜಾಕೆಟ್ಟಿನಲ್ಲಿಯೇ ಅವರನ್ನು ಜನ ಗುರುತಿಸುತ್ತಿದ್ದರು. ಸೋಮವಾರದ ಪ್ರಾರ್ಥನೆಗೆ ಕೆಲವು ವಾರ ಬರುತ್ತಿದ್ದವರು ಹತ್ತಕ್ಕೂ ಕಡಿಮೆ ಮಂದಿ. ಅಷ್ಟು ದೊಡ್ಡ ಸಭಾಂಗಣದಲ್ಲಿ ಅಷ್ಟು ಕಡಿಮೆ ಜನ ಕುಳಿತಾಗ ನಿಲ್ಲಿಸಿಬಿಡೋಣ ಎಂಬ ಆಲೋಚನೆ ಬಾರದೆ ಇರುವುದಿಲ್ಲ. ಅವರು ನಿಲ್ಲಿಸಲಿಲ್ಲ. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಚಿಕ್ಕ ಸಂಗತಿ ಬಹಳ ಮುಖ್ಯ. 1989ರಲ್ಲಿ ಜನರಿಗೆ ಒಂದು ತಾಣ ಬೇಕಾದಾಗ ಅದನ್ನು ಯಾರೂ ಹೊಸದಾಗಿ ಕಟ್ಟಬೇಕಾಗಿರಲಿಲ್ಲ. ಸ್ಥಳ ಗೊತ್ತಿತ್ತು, ವಾರ ಗೊತ್ತಿತ್ತು, ಗಂಟೆ ಗೊತ್ತಿತ್ತು. ಏಳು ವರ್ಷಗಳ ಕಾಲ ಯಾರೂ ಲೆಕ್ಕಿಸದ ಹೊತ್ತಿನಲ್ಲಿ ಕೆಲವರು ಆ ದೀಪವನ್ನು ಕಾಯ್ದುಕೊಂಡು ಬಂದಿದ್ದರು.

ಹೋಗುವವರು, ಉಳಿಯುವವರು

ದೇಶ ಬಿಟ್ಟು ಪಶ್ಚಿಮಕ್ಕೆ ಹೋಗಲು ಅರ್ಜಿ ಹಾಕಿದವರ ಬದುಕು ಪೂರ್ವ ಜರ್ಮನಿಯಲ್ಲಿ ದುಸ್ತರವಾಗಿತ್ತು. ಕೆಲಸ ಹೋಗುತ್ತಿತ್ತು, ಪರಿಚಿತರು ದೂರವಾಗುತ್ತಿದ್ದರು, ಅನುಮತಿ ಬರುವುದು ತಿಂಗಳುಗಟ್ಟಲೆಯೋ ವರ್ಷಗಟ್ಟಲೆಯೋ ಯಾರಿಗೂ ತಿಳಿಯದು. 1988ರ ಫೆಬ್ರುವರಿಯಲ್ಲಿ ಫ್ಯೂರರ್ ಇಂಥವರಿಗಾಗಿ ಒಂದು ಸಂಜೆಯ ಸಭೆ ಕರೆದರು. ಈ ದೇಶದಲ್ಲಿ ಬದುಕುವುದು ಮತ್ತು ಉಳಿಯುವುದು ಎಂಬುದು ಅಂದಿನ ವಿಷಯ. ಅವರು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಬಂದರು. ಅಲ್ಲಿಂದ ಮುಂದೆ ಸೋಮವಾರದ ಬೆಂಚುಗಳು ತುಂಬತೊಡಗಿದವು.

ತುಂಬಿದ ಬೆಂಚುಗಳು ನೆಮ್ಮದಿಯನ್ನಷ್ಟೇ ತರಲಿಲ್ಲ, ಜಗಳವನ್ನೂ ತಂದವು. ಮೊದಲಿನಿಂದ ಬರುತ್ತಿದ್ದವರು ಶಾಂತಿ, ಪರಿಸರ, ಮಾನವ ಹಕ್ಕುಗಳ ಸಣ್ಣ ಗುಂಪುಗಳಿಗೆ ಸೇರಿದವರು. ದೇಶದಲ್ಲೇ ಉಳಿದು ಅದನ್ನು ತಿದ್ದಬೇಕೆಂಬುದು ಅವರ ಛಲ. ಹೊಸದಾಗಿ ಬಂದವರಿಗೆ ಒಂದೇ ಗುರಿ, ಹೊರಟುಹೋಗುವುದು. ಉಳಿಯುವವರ ಕಣ್ಣಿಗೆ ಹೋಗುವವರು ಸ್ವಾರ್ಥಿಗಳು. ಹೋಗುವವರ ಕಣ್ಣಿಗೆ ಉಳಿಯುವವರು ಭ್ರಮಾಜೀವಿಗಳು. ಇಬ್ಬರಲ್ಲೂ ಅನೇಕರು ದೇವರನ್ನು ನಂಬುವವರೇ ಅಲ್ಲ. ಬಹುಪಾಲು ಜನ ಚರ್ಚಿನ ಮೆಟ್ಟಿಲು ತುಳಿದದ್ದೇ ಮೊದಲ ಬಾರಿ. ಅವರ ನಡುವೆ ಟಿಪ್ಪಣಿ ಬರೆದುಕೊಳ್ಳಲು ಬಂದ ಸ್ಟಾಸಿ ಮಂದಿ ಬೇರೆ. 'ಎಲ್ಲರಿಗೂ' ಎಂಬ ಪದ ಈಗ ತೂಕ ಕೇಳತೊಡಗಿತು.

ಚರ್ಚಿನ ಹಿರಿಯರೂ ಒಂದೇ ಮನಸ್ಸಿನವರಾಗಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಸರ್ಕಾರದ ಒತ್ತಡ ಒಂದೆಡೆ, ಪ್ರಾರ್ಥನೆಯು ರಾಜಕೀಯ ಭಾಷಣವಾಗಿಬಿಡುತ್ತದೆ ಎಂಬ ಆತಂಕ ಇನ್ನೊಂದೆಡೆ. 1988ರ ಬೇಸಿಗೆಯ ಕೊನೆಯಲ್ಲಿ ಹಿರಿಯರು ಪ್ರಾರ್ಥನೆಯನ್ನು ರೂಪಿಸುವ ಹೊಣೆಯನ್ನು ಆ ಸಣ್ಣ ಗುಂಪುಗಳ ಕೈಯಿಂದ ತೆಗೆದುಕೊಂಡರು. ಗುಂಪಿನವರು ಸಿಟ್ಟಾದರು. ಒಳಗೆ ಮಾತು ನಿಂತಾಗ ಅವರು ಚರ್ಚಿನ ಹೊರಗಿನ ಅಂಗಳದಲ್ಲಿ ನಿಂತು ಮಾತನಾಡಿದರು. 1989ರ ವಸಂತದಲ್ಲಿ, ಇನ್ನೊಂದು ಚರ್ಚಿನ ಸಭಾಪಾಲಕರಾಗಿದ್ದ ಕ್ರಿಸ್ಟೋಫ್ ವೊನ್ನೆಬರ್ಗರ್ ಅವರ ಸಂಯೋಜನೆಯಲ್ಲಿ, ಗುಂಪುಗಳು ಮತ್ತೆ ಒಳಗೆ ಬಂದವು. ಅಂದರೆ ಈ ಸಭೆಯ ಒಗ್ಗಟ್ಟು ಆಕಾಶದಿಂದ ಇಳಿದುದಲ್ಲ. ಮುನಿಸು, ರಾಜಿ, ಮರುಪ್ರಯತ್ನಗಳಿಂದ ಗಳಿಸಿದ್ದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಸಭೆಯು ಬಂದವರಿಂದ ಅಭಿಪ್ರಾಯದ ಏಕತೆಯನ್ನು ಕೇಳಲಿಲ್ಲ, ನಂಬಿಕೆಯ ಏಕತೆಯನ್ನೂ ಕೇಳಲಿಲ್ಲ. ಕೇಳಿದ್ದು ನಡತೆಯ ಏಕತೆಯನ್ನು ಮಾತ್ರ. ಇಲ್ಲಿ ಕುಳಿತಿರುವಷ್ಟು ಹೊತ್ತು ಇನ್ನೊಬ್ಬರ ಮಾತನ್ನು ಕೇಳಬೇಕು. ಹೊರಗೆ ಹೋದ ಮೇಲೆ ಯಾರ ಮೇಲೂ ಕೈ ಎತ್ತಬಾರದು. ಪರ್ವತ ಪ್ರಸಂಗದ ಮಾತುಗಳನ್ನು ಓದಲಾಗುತ್ತಿತ್ತು. ಬಂಧಿತರ ಸುದ್ದಿಯನ್ನು ತಿಳಿಸಲಾಗುತ್ತಿತ್ತು. ಪತ್ರಿಕೆಗಳು ಹೇಳದ ಸತ್ಯವನ್ನು ಅಲ್ಲಿ ತಗ್ಗಿದ ಸ್ವರದಲ್ಲಿ ಹೇಳಲಾಗುತ್ತಿತ್ತು. ನೆಮ್ಮದಿಯೆಂದರೆ ಸತ್ಯವನ್ನು ಬದಿಗಿಟ್ಟು ಕಣ್ಣುಮುಚ್ಚಿಕೊಳ್ಳುವುದು ಎಂದು ಆ ಸಭೆ ಭಾವಿಸಲಿಲ್ಲ. ಸತ್ಯವನ್ನು ಕಿರುಚದೆ ಹೇಳುವುದನ್ನು ಅದು ಅಭ್ಯಾಸ ಮಾಡಿಕೊಂಡಿತು.

ಪೊಲೀಸರ ಸರಪಳಿ

1989ರ ಮೇ 7ರಂದು ಪೂರ್ವ ಜರ್ಮನಿಯಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಅಧಿಕೃತ ಪಟ್ಟಿಗೆ ಶೇ 98.85ರಷ್ಟು ಮತ ಬಿತ್ತೆಂದು ಸರ್ಕಾರ ಪ್ರಕಟಿಸಿತು. ಮತ ಎಣಿಕೆಯನ್ನು ಕಣ್ಣಾರೆ ಕಂಡಿದ್ದ ನಾಗರಿಕರಿಗೆ ಅದು ಸುಳ್ಳೆಂದು ಗೊತ್ತಿತ್ತು. ಮರುದಿನ ಸೋಮವಾರ. ಅಂದಿನಿಂದ ಚರ್ಚಿಗೆ ಬರುವ ದಾರಿಗಳಲ್ಲಿ ಪೊಲೀಸರು ಅಡ್ಡ ನಿಲ್ಲತೊಡಗಿದರು. ಬೇಸಿಗೆಯಲ್ಲಿ ಹಂಗೇರಿಯು ತನ್ನ ಗಡಿಯ ಬೇಲಿಯನ್ನು ಸಡಿಲಿಸಿತು. ಸೆಪ್ಟೆಂಬರ್ 11ರಂದು ಗಡಿಯನ್ನೇ ತೆರೆಯಿತು. ಸಾವಿರಾರು ಜನ ಆ ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರು. ಇತ್ತ ಚರ್ಚಿನ ಅಂಗಳದಲ್ಲಿ 'ನಾವು ಹೋಗಬೇಕು' ಎಂಬ ಕೂಗಿಗೆ ಎದುರಾಗಿ 'ನಾವು ಇಲ್ಲೇ ಇರುತ್ತೇವೆ' ಎಂಬ ಕೂಗು ಎದ್ದಿತು. ಅಧಿಕಾರದಲ್ಲಿದ್ದವರನ್ನು ಎರಡನೆಯ ಕೂಗು ಹೆಚ್ಚು ಕಂಗೆಡಿಸಿತು ಎಂದರೆ ತಪ್ಪಾಗಲಾರದು. ಹೋಗುವವರನ್ನು ಕಳುಹಿಸಿಬಿಡಬಹುದು. ಇಲ್ಲೇ ಇರುತ್ತೇವೆ ಎನ್ನುವವರನ್ನು ಏನು ಮಾಡುವುದು?

ಪ್ರಾರ್ಥನೆ ಮುಗಿಸಿ ಹೊರಬಂದವರನ್ನು ಲಾರಿಗಳಿಗೆ ಎಳೆದು ಹಾಕುವುದು ಸಾಮಾನ್ಯವಾಯಿತು. ಬಂಧಿತರ ಹೆಸರುಗಳನ್ನು ಬರೆದು ಚರ್ಚಿನ ಕಿಟಕಿಯ ಸರಳುಗಳಿಗೆ ಕಟ್ಟಲಾಯಿತು. ಜನ ಅಲ್ಲಿ ಹೂವಿಟ್ಟರು, ಮೇಣದಬತ್ತಿ ಹಚ್ಚಿದರು. ಸೆಪ್ಟೆಂಬರ್ 25ರಂದು ಹಿಂಸೆಯ ನಿರರ್ಥಕತೆಯನ್ನು ಕುರಿತು ವೊನ್ನೆಬರ್ಗರ್ ಮಾತನಾಡಿದರು. ಅಂದು ಹಲವು ಸಾವಿರ ಮಂದಿ ನಗರದ ವರ್ತುಲ ರಸ್ತೆಯಲ್ಲಿ ನಡೆದರು. ಅಕ್ಟೋಬರ್ 2ರಂದು ಅವರ ಸಂಖ್ಯೆ ಸುಮಾರು 20,000. ಅಕ್ಟೋಬರ್ 7 ಪೂರ್ವ ಜರ್ಮನಿಯ 40ನೆಯ ಹುಟ್ಟುಹಬ್ಬ. ಬರ್ಲಿನ್‌ನಲ್ಲಿ ಗೊರ್ಬಚೆವ್ ಸಮ್ಮುಖದಲ್ಲಿ ಕವಾಯತು ನಡೆಯುತ್ತಿದ್ದರೆ, ಲೈಪ್‌ಜಿಗ್‌ನಲ್ಲಿ ನಿರಾಯುಧರ ಮೇಲೆ ಲಾಠಿ ಬೀಸಲಾಯಿತು. ಹಿಡಿದವರನ್ನು ಊರ ಹೊರಗಿನ ಕುದುರೆ ಲಾಯಗಳಲ್ಲಿ ಕೂಡಿಹಾಕಲಾಯಿತು. ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಟ್ಯಾಂಕುಗಳು ನುಗ್ಗಿ ಆಗಿನ್ನೂ ನಾಲ್ಕೇ ತಿಂಗಳಾಗಿತ್ತು. ಅದನ್ನು ಸಮರ್ಥಿಸಿದ ಸರ್ಕಾರಗಳಲ್ಲಿ ಪೂರ್ವ ಜರ್ಮನಿಯೂ ಒಂದು. ಅಗತ್ಯಬಿದ್ದರೆ ಆಯುಧ ಹಿಡಿದೇ ಈ ಗಲಭೆಯನ್ನು ಅಡಗಿಸುತ್ತೇವೆ ಎಂಬ ಅರ್ಥದ ಪತ್ರವೊಂದು ಅಕ್ಟೋಬರ್ 6ರ ಸ್ಥಳೀಯ ಪತ್ರಿಕೆಯಲ್ಲಿ ಪಕ್ಷದ ಸಶಸ್ತ್ರ ದಳದ ನಾಯಕನ ಹೆಸರಿನಲ್ಲಿ ಅಚ್ಚಾಗಿತ್ತು. ಮುಂದಿನ ಸೋಮವಾರ ಅಕ್ಟೋಬರ್ 9.

ಬಂದು ಕುಳಿತ 600 ಮಂದಿ

ಆ ದಿನ ಆಸ್ಪತ್ರೆಗಳಲ್ಲಿ ಹೆಚ್ಚುವರಿ ಹಾಸಿಗೆ, ರಕ್ತದ ಸಂಗ್ರಹ ಸಿದ್ಧವಾಗುತ್ತಿದೆ ಎಂಬ ಸುದ್ದಿ ಊರೆಲ್ಲ ಹರಡಿತ್ತು. ಪೊಲೀಸರು, ಸೈನಿಕರು, ಪಕ್ಷದ ದಳದವರು ಸೇರಿ ಸಾವಿರಾರು ಶಸ್ತ್ರಧಾರಿಗಳು ನಗರದಲ್ಲಿ ನೆಲೆಗೊಂಡಿದ್ದರು. ಇಷ್ಟು ಸಾಲದೆಂಬಂತೆ ಇನ್ನೊಂದು ಉಪಾಯವನ್ನೂ ಹೂಡಲಾಗಿತ್ತು. ಪಕ್ಷದ ಸುಮಾರು 600 ಮಂದಿ ಸದಸ್ಯರು ಮಧ್ಯಾಹ್ನವೇ ಚರ್ಚಿಗೆ ಬಂದು ಕೆಳಗಿನ ಸಭಾಂಗಣದ ಆಸನಗಳನ್ನು ಆಕ್ರಮಿಸಿಕೊಂಡರು. ಪ್ರಾರ್ಥನೆಗೆ ಬರುವ ನಿಜವಾದ ಜನರಿಗೆ ಜಾಗವೇ ಇರಬಾರದು ಎಂಬುದು ಲೆಕ್ಕಾಚಾರ.

ಫ್ಯೂರರ್ ಅವರಿಗೆ ಎರಡು ದಾರಿಗಳಿದ್ದವು. ಇವರು ಭಕ್ತರಲ್ಲ, ಕೆಡಿಸಲು ಬಂದವರು ಎಂದು ಹೊರಗೆ ಕಳುಹಿಸಲು ಯತ್ನಿಸಬಹುದಿತ್ತು; ಹಾಗೆ ಮಾಡಿದ್ದರೆ ಘರ್ಷಣೆ ಚರ್ಚಿನೊಳಗೇ ಆರಂಭವಾಗುತ್ತಿತ್ತು. ಇಲ್ಲವೇ ಪ್ರಾರ್ಥನೆಯನ್ನೇ ರದ್ದುಪಡಿಸಬಹುದಿತ್ತು. ಅವರು ಎರಡನ್ನೂ ಮಾಡದೆ ಆ ಅತಿಥಿಗಳನ್ನು ಸ್ವಾಗತಿಸಿದರು. ಮೇಲಿನ ಮೊಗಸಾಲೆಗಳನ್ನು ಮಾತ್ರ ಸಂಜೆಯವರೆಗೆ ಮುಚ್ಚಿಟ್ಟಿರುವುದಾಗಿ ತಿಳಿಸಿದರು. ದುಡಿಯುವ ವರ್ಗದವರು ಕೆಲಸ ಮುಗಿಸಿ ಬರುವುದು ನಾಲ್ಕು ಗಂಟೆಯ ನಂತರ. ಅವರಿಗೂ ಒಂದಿಷ್ಟು ಕ್ರೈಸ್ತರಿಗೂ ಸ್ಥಳ ಬೇಕಲ್ಲ ಎಂದು ನಯವಾಗಿ ಹೇಳಿದರು. ಕಾರ್ಮಿಕರ ಹೆಸರಿನಲ್ಲಿ ಆಳುವ ಪಕ್ಷದವರು ಕೆಲಸದ ಹೊತ್ತಿನಲ್ಲೇ ಬಂದು ಕುಳಿತಿದ್ದಾರೆಂಬ ಚುಚ್ಚು ಅದರಲ್ಲಿತ್ತು. ದ್ವೇಷವಿರಲಿಲ್ಲ.

ಹೀಗೆ ಆ ಸಂಜೆ ಪಕ್ಷದವರು ಅನಿವಾರ್ಯವಾಗಿ ಪೂರ್ತಿ ಪ್ರಾರ್ಥನೆಯನ್ನು ಕೇಳಿದರು. ದೀನರು ಧನ್ಯರು, ಶಾಂತಿಗಾಗಿ ದುಡಿಯುವವರು ಧನ್ಯರು ಎಂಬ ಯೇಸುವಿನ ಬೋಧನೆಯನ್ನು ಇವರಿಗೆ ಕೇಳಿಸುವ ಅವಕಾಶ ಬೇರೆ ಹೇಗೆ ತಾನೆ ಒದಗುತ್ತಿತ್ತು ಎಂದು ಫ್ಯೂರರ್ ಆಮೇಲೆ ನೆನೆದುಕೊಳ್ಳುತ್ತಿದ್ದರು. ಪಕ್ಷದ ಪತ್ರಿಕೆಗಳಲ್ಲಿ ಓದಿದ್ದ ಗಲಭೆಕೋರರ ಬದಲು ತಮ್ಮಂಥವರೇ ಆದ ಸಾಮಾನ್ಯರನ್ನು ಅವರು ಪಕ್ಕದ ಆಸನಗಳಲ್ಲಿ ಕಂಡರು. ನಗರದ ನಾಲ್ಕು ಚರ್ಚುಗಳಲ್ಲಿ ಅಂದು ಏಕಕಾಲಕ್ಕೆ ಪ್ರಾರ್ಥನೆ ನಡೆಯಿತು. ಸ್ಯಾಕ್ಸನಿ ಪ್ರಾಂತದ ಬಿಷಪ್ ಯೊಹಾನ್ನೆಸ್ ಹೆಂಪೆಲ್ ಸಂಯಮಕ್ಕಾಗಿ ಮನವಿ ಮಾಡಿದರು. ಗೆವಾಂಡ್‌ಹೌಸ್ ವಾದ್ಯವೃಂದದ ನಿರ್ದೇಶಕ ಕುರ್ಟ್ ಮಸುರ್ ಸೇರಿದಂತೆ ಆರು ಮಂದಿ ಸಹಿ ಮಾಡಿದ್ದ ಶಾಂತಿಯ ಕರೆಯನ್ನು ಓದಲಾಯಿತು. ಬೀದಿಯ ಧ್ವನಿವರ್ಧಕಗಳಲ್ಲೂ ಅದು ಮಸುರ್ ಅವರ ದನಿಯಲ್ಲಿ ಕೇಳಿಬಂತು. ಆ ಆರು ಮಂದಿಯಲ್ಲಿ ಮೂವರು ಆಳುವ ಪಕ್ಷದ ಜಿಲ್ಲಾ ಕಾರ್ಯದರ್ಶಿಗಳೇ. ಇನ್ನೊಬ್ಬರು ಸ್ಟಾಸಿಗೆ ಸುದ್ದಿ ಕೊಡುತ್ತಿದ್ದವರೆಂಬುದು ಮುಂದೆ ಬಯಲಾಯಿತು. ಶಾಂತಿಯ ಕರೆಗೆ ಸಹಿ ಹಾಕಿದವರೆಲ್ಲ ನಿಷ್ಕಳಂಕರಾಗಿರಲಿಲ್ಲ. ಆದರೂ ಅಂದು ಆ ಕರೆ ಬೇಕಾಗಿತ್ತು.

ಬಾಗಿಲು ತೆರೆದು ಹೊರಬಂದವರಿಗೆ ಅಂಗಳದಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಸುಮಾರು 70,000 ಜನ. ಅನೇಕರ ಕೈಯಲ್ಲಿ ಮೇಣದಬತ್ತಿ. ಮೇಣದಬತ್ತಿ ಹಿಡಿಯಲು ಎರಡು ಕೈ ಬೇಕು, ಒಂದು ಹಿಡಿಯಲು, ಇನ್ನೊಂದು ಗಾಳಿಗೆ ಮರೆಮಾಡಲು. ಹಾಗಿರುವಾಗ ಕಲ್ಲು ಹಿಡಿಯಲು ಕೈಯೆಲ್ಲಿ ಎಂದು ಫ್ಯೂರರ್ ಹೇಳುತ್ತಿದ್ದರು. ಹಿಂಸೆ ಬೇಡ ಎಂಬ ಕೂಗಿನೊಡನೆ, ನಾವೇ ಜನ ಎಂಬ ಘೋಷಣೆಯೊಡನೆ ಆ ಜನಸಾಗರ ವರ್ತುಲ ರಸ್ತೆಯಲ್ಲಿ ನಡೆಯಿತು. ಸ್ಟಾಸಿ ಕಚೇರಿಯ ಮುಂದೆ ಕೆಲವರು ಸಾಲಾಗಿ ನಿಂತು ಯಾರೂ ಕಲ್ಲೆಸೆಯದಂತೆ ಕಾದರು. ಒಂದು ಗಾಜೂ ಒಡೆಯಲಿಲ್ಲ. ಶಸ್ತ್ರಧಾರಿಗಳು ಹಿಂದೆ ಸರಿದರು, ಗುಂಡು ಹಾರಲಿಲ್ಲ. ಒಂದು ಚರ್ಚಿನ ಗೋಪುರದ ಮೇಲೆ ಅಡಗಿ ಕುಳಿತ ಇಬ್ಬರು ತರುಣರು ಇದನ್ನು ಚಿತ್ರೀಕರಿಸಿದರು. ಚಿತ್ರಸುರುಳಿ ಗುಟ್ಟಾಗಿ ಪಶ್ಚಿಮಕ್ಕೆ ತಲುಪಿ ಮರುದಿನವೇ ದೂರದರ್ಶನದಲ್ಲಿ ಪ್ರಸಾರವಾಯಿತು. ಮುಂದಿನ ಸೋಮವಾರ ಬೀದಿಗಿಳಿದವರು ಲಕ್ಷ ದಾಟಿದರು. ಅಕ್ಟೋಬರ್ 18ರಂದು ಎರಿಕ್ ಹೊನೆಕರ್ ಅಧಿಕಾರ ಕಳೆದುಕೊಂಡರು. ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು.

ನಂತರದ ಸೋಮವಾರಗಳು

ಪ್ರಾರ್ಥನೆಯೊಂದೇ ಸರ್ಕಾರವನ್ನು ಉರುಳಿಸಿತು ಎನ್ನುವುದು ಉತ್ಪ್ರೇಕ್ಷೆ. ಗೊರ್ಬಚೆವ್ ಮಾಸ್ಕೋದಲ್ಲಿರದಿದ್ದರೆ, ಹಂಗೇರಿ ಗಡಿ ತೆರೆಯದಿದ್ದರೆ, ಪೂರ್ವ ಜರ್ಮನಿಯ ಆರ್ಥಿಕತೆ ಒಳಗೇ ಕುಸಿಯುತ್ತಿರದಿದ್ದರೆ ಅಂದಿನ ಸಂಜೆಯ ಅಂತ್ಯ ಬೇರೆಯಾಗಿರುತ್ತಿತ್ತೋ ಏನೋ. ಆದರೆ ಬದಲಾವಣೆ ರಕ್ತವಿಲ್ಲದೆ ಆದದ್ದಕ್ಕೆ ಆ ಸಭೆಯ ಪಾಲು ದೊಡ್ಡದು. ಏಳು ವರ್ಷಗಳ ಕಾಲ ವಾರಕ್ಕೊಮ್ಮೆ ಸಂಯಮದ ಅಭ್ಯಾಸ ಮಾಡಿದವರು ಜನಸಂದಣಿಯ ನಡುವೆ ಇದ್ದುದರಿಂದಲೇ ಜನಸಂದಣಿ ದೊಂಬಿಯಾಗಲಿಲ್ಲ.

ಮುಂದಿನ ಕಥೆ ಜಯಘೋಷದ್ದಲ್ಲ. 1990ರ ಮಾರ್ಚ್‌ನಲ್ಲಿ ನಡೆದ ಮೊದಲ ಮುಕ್ತ ಚುನಾವಣೆಯಲ್ಲಿ, ಚರ್ಚಿನ ನೆರಳಿನಲ್ಲಿ ಬೆಳೆದ ನಾಗರಿಕ ಚಳವಳಿಗಳ ಮುಖ್ಯ ಕೂಟಕ್ಕೆ ದಕ್ಕಿದ್ದು ಶೇ 2.9ರಷ್ಟು ಮತ ಮಾತ್ರ. ಅದೇ ವರ್ಷದ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು. ಪೂರ್ವದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಆಪತ್ತಿನಲ್ಲಿ ಚರ್ಚನ್ನು ತುಂಬಿದ್ದ ಜನ ಆಪತ್ತು ಕಳೆದ ಮೇಲೆ ಭಾನುವಾರದ ಆರಾಧನೆಗೆ ಮರಳಲಿಲ್ಲ. ಇಂದಿಗೂ ಪೂರ್ವ ಜರ್ಮನಿಯ ಬಹುಸಂಖ್ಯಾತರು ಯಾವ ಚರ್ಚಿಗೂ ಸೇರಿದವರಲ್ಲ. ಬಂದವರನ್ನು ಮತಕ್ಕೆ ಸೇರಿಸಿಕೊಳ್ಳುವ ಲೆಕ್ಕವಿಟ್ಟು ಬಾಗಿಲು ತೆರೆದಿದ್ದರೆ ಆ ಸಭೆಗೆ ಇದು ಸೋಲೆಂದೇ ಕಾಣಬೇಕಿತ್ತು. ಫ್ಯೂರರ್ ಹಾಗೆ ಎಣಿಸಲಿಲ್ಲ. ನಿರುದ್ಯೋಗಿಗಳಿಗಾಗಿ ಚರ್ಚಿನ ಆಸರೆಯಲ್ಲಿ ಕೆಲಸ ಆರಂಭಿಸಿದರು. 2003ರಲ್ಲಿ ಇರಾಕ್ ಯುದ್ಧದ ವಿರುದ್ಧ ಸೋಮವಾರದ ಪ್ರಾರ್ಥನೆ ಮತ್ತೆ ಜನರನ್ನು ಸೆಳೆಯಿತು. 2005ರಲ್ಲಿ ಆಗ್ಸ್‌ಬರ್ಗ್ ನಗರದ ಶಾಂತಿ ಪ್ರಶಸ್ತಿಯನ್ನು ಅವರು ಗೊರ್ಬಚೆವ್ ಅವರೊಡನೆ ಹಂಚಿಕೊಂಡರು. 2008ರಲ್ಲಿ ನಿವೃತ್ತರಾಗಿ, 2014ರ ಜೂನ್ 30ರಂದು ತೀರಿಕೊಂಡರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆರೆಯ ಡ್ರೆಸ್ಡೆನ್‌ನಲ್ಲಿ ಹುಟ್ಟಿಕೊಂಡ, ಮುಸ್ಲಿಂ ವಲಸಿಗರನ್ನು ವಿರೋಧಿಸುವ 'ಪೆಗಿಡಾ' ಚಳವಳಿ ಸೋಮವಾರವನ್ನೇ ತನ್ನ ಮೆರವಣಿಗೆಯ ದಿನವಾಗಿ ಆರಿಸಿಕೊಂಡಿತು. 'ನಾವೇ ಜನ' ಎಂಬ 1989ರ ಘೋಷಣೆಯನ್ನೇ ತನ್ನದಾಗಿಸಿಕೊಂಡಿತು. ಎಲ್ಲರನ್ನೂ ಒಳಗೊಳ್ಳಲು ಹುಟ್ಟಿದ ಮಾತು ಕೆಲವರನ್ನು ಹೊರಗಿಡುವ ಆಯುಧವಾಗಬಲ್ಲದು. ಘೋಷಣೆಯನ್ನು ಯಾರೂ ಎತ್ತಿಕೊಂಡು ಹೋಗಬಹುದು, ಮೆರವಣಿಗೆಯ ದಾರಿಯನ್ನೂ ಎತ್ತಿಕೊಳ್ಳಬಹುದು. ಅಷ್ಟು ಸುಲಭವಾಗಿ ಎತ್ತಿಕೊಳ್ಳಲಾಗದ್ದು ಒಂದೇ: ಮೆರವಣಿಗೆಗೆ ಮುಂಚೆ ಎದುರಾಳಿಯ ಪಕ್ಕದಲ್ಲಿ ಒಂದು ಗಂಟೆ ಸುಮ್ಮನೆ ಕುಳಿತ ಅಭ್ಯಾಸ.

ದೆಹಲಿಯ ಸಂಜೆ ಐದು ಗಂಟೆ

ಸಂಜೆ ಐದರ ಪ್ರಾರ್ಥನೆ ಎಂದೊಡನೆ ಭಾರತೀಯರಿಗೆ ಇನ್ನೊಂದು ಅಂಗಳ ನೆನಪಾಗದೆ ಇರದು. ದೇಶ ವಿಭಜನೆಯ ಉರಿಯಲ್ಲಿ ಗಾಂಧೀಜಿ ದೆಹಲಿಯಲ್ಲಿ ಪ್ರತಿ ಸಂಜೆ ಪ್ರಾರ್ಥನಾ ಸಭೆ ನಡೆಸುತ್ತಿದ್ದರು. ಗೀತೆಯ ಜೊತೆ ಕುರಾನಿನ ಭಾಗಗಳನ್ನೂ ಓದಲಾಗುತ್ತಿತ್ತು. ಮನೆಮಠ ಕಳೆದುಕೊಂಡು ಬಂದವರಲ್ಲಿ ಕೆಲವರು ಅದಕ್ಕೆ ಆಕ್ಷೇಪಿಸಿದರು. ಆಕ್ಷೇಪಿಸಿದವರನ್ನು ಬಲವಂತವಾಗಿ ಹೊರಹಾಕಿಸಲು ಗಾಂಧೀಜಿ ಒಪ್ಪಲಿಲ್ಲ. ಕುರಾನನ್ನು ಕೈಬಿಟ್ಟು ಪ್ರಾರ್ಥಿಸಲೂ ಒಪ್ಪಲಿಲ್ಲ. ಒಬ್ಬರು ವಿರೋಧಿಸಿದರೂ ಕೆಲವು ದಿನ ಪ್ರಾರ್ಥನೆಯನ್ನೇ ನಿಲ್ಲಿಸಿ, ಸಭೆಗೆ ಅದರ ಕಾರಣವನ್ನು ವಿವರಿಸಿದರು. 1948ರ ಜನವರಿ 20ರಂದು ಬಿರ್ಲಾ ಭವನದ ಪ್ರಾರ್ಥನಾ ಸ್ಥಳದ ಬಳಿ ಬಾಂಬು ಸಿಡಿದಾಗ ಜನರನ್ನು ಶಾಂತವಾಗಿರುವಂತೆ ಕೇಳಿ ಸಭೆಯನ್ನು ಮುಂದುವರಿಸಿದರು. ಪ್ರಾರ್ಥನೆಗೆ ಬರುವವರನ್ನು ಪೊಲೀಸರು ತಪಾಸಣೆ ಮಾಡುವ ಸಲಹೆಯನ್ನು ನಿರಾಕರಿಸಿದರು. ಹತ್ತು ದಿನಗಳ ನಂತರ ಅದೇ ತೆರೆದ ಬಾಗಿಲಿನಿಂದ ಕೊಲೆಗಾರ ಒಳಬಂದ.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಅಗತ್ಯ. ಲೈಪ್‌ಜಿಗ್‌ನಲ್ಲಿ ತೆರೆದ ಬಾಗಿಲಿನಿಂದ ಬಂದವರು ಕೇಳಿಸಿಕೊಂಡು ಹೋದರು. ದೆಹಲಿಯಲ್ಲಿ ಬಂದವನು ಕೇಳಿಸಿಕೊಳ್ಳಲಿಲ್ಲ. ಬಾಗಿಲು ತೆರೆದಿಟ್ಟರೆ ಒಳ್ಳೆಯದೇ ಆಗುತ್ತದೆ ಎಂಬ ಭರವಸೆಯನ್ನು ಇತಿಹಾಸ ಕೊಡುವುದಿಲ್ಲ. ಅದು ಕೊಡುವುದು ಒಂದು ಆಯ್ಕೆಯನ್ನು ಮಾತ್ರ. ಬಾಗಿಲು ಮುಚ್ಚಿದ ಸಭೆ ಸುರಕ್ಷಿತವಾಗಿರಬಹುದು. ಆದರೆ ಒಳಗಿರುವವರೆಲ್ಲ ಒಂದೇ ಮಾತಿನವರಾದಾಗ ಅಲ್ಲಿನ ನೆಮ್ಮದಿಯನ್ನು ಪರೀಕ್ಷಿಸುವವರು ಯಾರು? ತಮ್ಮವರ ನಡುವೆ ಶಾಂತವಾಗಿರುವುದು ದೊಡ್ಡ ಸಾಧನೆಯೇನಲ್ಲ.

ರಾಜಕೀಯವು ಸಮಾಜವನ್ನು ಹೋಳುಮಾಡಿದ ದಿನಗಳಲ್ಲಿ ಪ್ರಾರ್ಥನಾ ಮಂದಿರಗಳಿಗೆ ಎರಡು ಆಮಿಷಗಳು ಎದುರಾಗುತ್ತವೆ. ಒಂದು ಪಕ್ಷದ ಧ್ವಜ ಹಿಡಿದು ನಿಲ್ಲುವುದು ಒಂದು. ಹೊರಗೆ ಏನೂ ನಡೆಯುತ್ತಿಲ್ಲವೆಂಬಂತೆ ಗಂಟೆ ಬಾರಿಸಿಕೊಂಡಿರುವುದು ಇನ್ನೊಂದು. ಲೈಪ್‌ಜಿಗ್‌ನ ಸಭೆ ಇವೆರಡನ್ನೂ ಬಿಟ್ಟು ಕಷ್ಟದ ದಾರಿಯನ್ನು ಹಿಡಿಯಿತು. ಅನ್ಯಾಯವನ್ನು ಹೆಸರಿಟ್ಟು ಕರೆಯಿತು. ಅನ್ಯಾಯ ಮಾಡಿದವರಿಗೂ ಕುಳಿತುಕೊಳ್ಳಲು ಜಾಗ ಕೊಟ್ಟಿತು. ಆ ಜಾಗ ಸಿದ್ಧವಾದದ್ದು 70,000 ಜನ ಸೇರಿದ ರಾತ್ರಿಯಲ್ಲಿ ಅಲ್ಲ. ಹತ್ತು ಜನರೂ ಇಲ್ಲದ ಸೋಮವಾರಗಳಲ್ಲಿ, ಯಾರಾದರೂ ಬಂದಾರೆಂದು ಬಾಗಿಲು ತೆಗೆದು ಕಾದವರಿಂದ ಅದು ಸಿದ್ಧವಾಯಿತು.